ನೆನಪಿಗೊಂದು ಗೂಟ
(ಸದಸ್ಯ ಶಿಕ್ಷಣ ಪಾಠ)



ಬೇಸಾಯದ ಪಾಠಗಳಲ್ಲಿ ಸಾಮಾನ್ಯವಾಗಿ ಏನು ಮಾಡಬೇಕು ಎಂಬುದನ್ನು ಹೇಳುತ್ತಾರೆ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಯಾವ ತಿಂಗಳಲ್ಲಿ ಯಾವ ಗೊಬ್ಬರ ಎಂಬುದೆಲ್ಲ ನಮ್ಮಲ್ಲಿ ಬಹು ಮಂದಿಗೆ ತಿಳಿದಿರುವ ಸಂಗತಿಗಳೇ. ಆದರೂ ನಷ್ಟವಾಗುತ್ತದೆ. ತಿಳಿಯದೆ ಆಗುವ ನಷ್ಟ ಒಂದು ಬಗೆ. ತಿಳಿದಿದ್ದೂ ಹೊತ್ತಿಗೆ ಸರಿಯಾಗಿ ನೆನಪಾಗದೆ ಆಗುವ ನಷ್ಟ ಇನ್ನೊಂದು ಬಗೆ. ಈ ಎರಡನೆಯದರ ಬಗ್ಗೆ ನಾವು ಮಾತನಾಡುವುದೇ ಕಡಿಮೆ. "ಮರೆತುಹೋಯಿತು" ಎಂದು ಕೈ ತೊಳೆದುಕೊಳ್ಳುತ್ತೇವೆ. ಮರೆವನ್ನು ಹಣೆಬರಹವೆಂದು ಬಿಡದೆ, ತೋಟದ ಒಂದು ರೋಗದಂತೆ ಕಂಡು, ಅದರ ಕಾರಣವನ್ನೂ ಪರಿಹಾರವನ್ನೂ ವಿಚಾರ ಮಾಡುವುದು ಈ ಪಾಠದ ಉದ್ದೇಶ.

1. ಅಕ್ಕೂರಿನ ಹುಳುಮನೆ

ನನ್ನ ಹುಟ್ಟೂರು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು. ರಾಗಿ, ತೆಂಗು, ಮಾವುಗಳ ಜೊತೆಗೆ ಹಿಪ್ಪುನೇರಳೆ ಸೊಪ್ಪು ಬೆಳೆದು, ರೇಷ್ಮೆ ಹುಳು ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವುದು ಆ ಸೀಮೆಯ ಬದುಕು. ಕಾಫಿ ಅಡಿಕೆಯ ಸದಸ್ಯರಿಗೆ ಈ ಕಸುಬು ಅಷ್ಟಾಗಿ ಪರಿಚಯವಿರಲಾರದ್ದರಿಂದ ಎರಡು ಮಾತು ಹೇಳುತ್ತೇನೆ.

ಮೊಟ್ಟೆಯೊಡೆದ ದಿನದಿಂದ ಹುಳು ಹಣ್ಣಾಗಿ ಗೂಡು ಕಟ್ಟಲು ತೊಡಗುವವರೆಗೆ ಸುಮಾರು 25ರಿಂದ 28 ದಿನಗಳು. ಈ ಅವಧಿಯಲ್ಲಿ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಇದನ್ನು "ಜ್ವರಕ್ಕೆ ಕೂರುವುದು" ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಹಾಸಿಗೆ ಒಣಗಿರಬೇಕು, ಸುಣ್ಣದ ಪುಡಿ ಉದುರಿಸಬೇಕು. ಜ್ವರದಿಂದ ಎದ್ದ ಮೇಲೆ ತಡಮಾಡದೆ ಸೊಪ್ಪು ಕೊಡಬೇಕು. ನಾಲ್ಕನೇ ಜ್ವರ ಕಳೆದ ಮೇಲಂತೂ ಮನೆಮಂದಿಗೆ ನಿದ್ದೆಯಿಲ್ಲ. ಹುಳು ತನ್ನ ಬಾಳಿನಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿ ಆ ಕೊನೆಯ ವಾರದಲ್ಲೇ ತಿನ್ನುತ್ತದೆ.

ನನ್ನ ತಂದೆಯವರು ಹೆಚ್ಚು ಓದಿದವರಲ್ಲ. ಮನೆಯಲ್ಲಿ ಗಡಿಯಾರವಿದ್ದರೂ ನೋಡುತ್ತಿದ್ದುದು ಅಪರೂಪ. ಆದರೂ ಸೊಪ್ಪಿನ ಒಂದು ಹೊತ್ತನ್ನೂ ಅವರು ತಪ್ಪಿಸಿದ್ದು ನಾನು ಕಾಣೆ. "ಅಪ್ಪನದು ಎಂಥ ಜ್ಞಾಪಕ ಶಕ್ತಿ!" ಎಂದು ನಾವು ಮಕ್ಕಳು ಬೆರಗಾಗುತ್ತಿದ್ದೆವು.

ಅದರ ಗುಟ್ಟು ತಿಳಿದದ್ದು ಬಹಳ ವರ್ಷಗಳ ಮೇಲೆ. ಕೊನೆಯ ಹಂತದ ಹುಳು ಸೊಪ್ಪು ತಿನ್ನುವಾಗ ಹುಳುಮನೆಯಲ್ಲಿ ಒಣಗಿದ ಎಲೆಯ ಮೇಲೆ ಮಳೆ ಹನಿ ಬಿದ್ದಂಥ ಸದ್ದು ಕೇಳುತ್ತದೆ. ಸೊಪ್ಪು ಮುಗಿದರೆ ಆ ಸದ್ದು ನಿಲ್ಲುತ್ತದೆ. ನಡುರಾತ್ರಿ ಸದ್ದು ನಿಂತರೆ ಪಕ್ಕದಲ್ಲೇ ಮಲಗಿದ್ದ ನನ್ನ ತಾಯಿಯವರಿಗೆ ಎಚ್ಚರವಾಗುತ್ತಿತ್ತು. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ಹಣ್ಣಾದ ಹುಳುವಿನ ಮೈ ಬಣ್ಣವೇ ಬೇರೆ; ಚಂದ್ರಿಕೆಗೆ ಬಿಡುವ ಹೊತ್ತಾಯಿತೆಂದು ಅದೇ ಹೇಳುತ್ತದೆ. ಅಪ್ಪನ ನೆನಪು ಅಪ್ಪನ ತಲೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಹುಳುವಿನ ತಟ್ಟೆಯಲ್ಲಿತ್ತು. ಮಾಡಬೇಕಾದ ಕೆಲಸವೇ ಮಾಡುವವನನ್ನು ಕರೆಯುತ್ತಿತ್ತು.

2. ತೋಟ ಕರೆಯುವುದಿಲ್ಲ

ಮದುವೆಯಾದ ಮೇಲೆ ನಾನು ಕೊಪ್ಪ ತಾಲ್ಲೂಕಿನಲ್ಲಿ ಮಾವನವರ ಅಡಿಕೆ ಮತ್ತು ಕಾಫಿ ತೋಟವನ್ನು ನೋಡಿಕೊಳ್ಳಲು ಬಂದೆ. ಮೊದಲ ವರ್ಷ ರೋಹಿಣಿ ಮಳೆ ಹತ್ತುವ ಹೊತ್ತಿಗೆ ಅಡಿಕೆ ಗೊನೆಗಳಿಗೆ ಬೋರ್ಡೋ ಔಷಧಿ ಹೊಡೆಸಿದೆ. ಕೊನೆಗಾರರು ಮೆಚ್ಚಿದರು, ಮಾವನವರು ಮೆಚ್ಚಿದರು, ನನಗೂ ನೆಮ್ಮದಿಯಾಯಿತು. ನಲವತ್ತು ನಲವತ್ತೈದು ದಿನಗಳ ಮೇಲೆ ಎರಡನೇ ಸಲ ಹೊಡೆಯಬೇಕೆಂದು ಗೊತ್ತಿತ್ತು. ಯಾರಾದರೂ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಆದರೆ ಯಾರೂ ಕೇಳಲಿಲ್ಲ.

ಮಕ್ಕಳ ಶಾಲೆ, ಗದ್ದೆ ನಾಟಿ, ಅಕ್ಕೂರಿನಲ್ಲಿ ಒಂದು ಮದುವೆ ಎಂದು ಆ ದಿನಗಳು ಜಾರಿಹೋದವು. ಆಮೇಲೆ ಮಳೆ ಬಿಡುವು ಕೊಡಲಿಲ್ಲ. ಮುಂದೊಂದು ಬೆಳಗ್ಗೆ ತೋಟಕ್ಕೆ ಇಳಿದಾಗ ಮರದಡಿಯಲ್ಲಿ ಹಸಿರು ಕಾಯಿ ಹಾಸಿದಂತೆ ಬಿದ್ದಿತ್ತು. ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ನೀರುಗಲೆ. ಮಾವನವರು ಬೈಯಲಿಲ್ಲ. "ಎರಡನೇ ಔಷಧಿ ಯಾವತ್ತು ಹೊಡೆಸಿದಿರಿ?" ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷ ಕೈಗೆ ಬಂದ ಅಡಿಕೆ ಹಿಂದಿನ ವರ್ಷದ ಅರ್ಧವೂ ಇರಲಿಲ್ಲ. ಸಂಘದ ಸಾಲದ ಕಂತಿಗೆ ಮನೆಯಾಕೆಯ ಬಳೆ ಅಡವಿಡಬೇಕಾಯಿತು.

ಹುಳುಮನೆಗೂ ತೋಟಕ್ಕೂ ಇರುವ ವ್ಯತ್ಯಾಸ ಇದು. ಹುಳುವಿಗೆ ಸೊಪ್ಪು ತಪ್ಪಿದರೆ ಆ ರಾತ್ರಿಯೇ ತಿಳಿಯುತ್ತದೆ. ತೋಟದಲ್ಲಿ ತಪ್ಪಿದ ದಿನಕ್ಕೂ ನಷ್ಟ ಕಾಣುವ ದಿನಕ್ಕೂ ವಾರಗಳ, ಕೆಲವೊಮ್ಮೆ ವರ್ಷದ ಅಂತರ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕವನ್ನೇ ನೋಡಿ. ದುಂಬಿ ಹೊರಬಂದು ತೊಗಟೆಯ ಸಂದಿಯಲ್ಲಿ ಮೊಟ್ಟೆಯಿಡುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ. ಅಂದು ಗಿಡ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗಿ ಗಿಡ ಸೊರಗಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹುಳು ಕಾಂಡದೊಳಗೆ ಸುರಂಗ ತೋಡಿ ಮುಗಿಸಿರುತ್ತದೆ. ತೋಟ ಮೌನವಾಗಿ ಕಾಯುತ್ತದೆ, ಆಮೇಲೆ ಒಟ್ಟಿಗೆ ಲೆಕ್ಕ ಕೇಳುತ್ತದೆ. ಆದುದರಿಂದ ತೋಟಗಾರನಿಗೆ ಬೇಕಾದ ನೆನಪು ಹುಳು ಸಾಕುವವನ ನೆನಪಿಗಿಂತ ಕಷ್ಟದ್ದು.

3. ನೆನಪು ಹೇಗೆ ಕೆಲಸ ಮಾಡುತ್ತದೆ?

ನೆನಪೆಂದರೆ ಕಾಳು ತುಂಬಿಟ್ಟ ಕಣಜವೆಂದು ನಾವು ಭಾವಿಸುತ್ತೇವೆ. ಹಾಕಿದ್ದು ಅಲ್ಲೇ ಇರುತ್ತದೆ, ಬೇಕಾದಾಗ ತೆಗೆದುಕೊಳ್ಳಬಹುದು ಎಂದು. ಇದು ಸರಿಯಲ್ಲ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಅದನ್ನು ಪ್ರಕಟಿಸಿದರು. ಅರ್ಥವಿಲ್ಲದ ಸಣ್ಣ ಸಣ್ಣ ಉಚ್ಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಕೆಲಕಾಲದ ಮೇಲೆ ಮತ್ತೆ ಕಲಿತು ಎಷ್ಟು ಶ್ರಮ ಉಳಿಯಿತೆಂದು ಅಳೆಯುವುದು ಅವರ ಕ್ರಮ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು, ಒಂದು ದಿನದೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ಜಾರಿಹೋಗಿತ್ತು. ಆಮೇಲೆ ಮರೆವಿನ ವೇಗ ಕಡಿಮೆಯಾಗಿತ್ತು. ಅಂದರೆ ಮರೆವು ಮೊದಲ ದಿನವೇ ಹೆಚ್ಚು. ಸಭೆಯಲ್ಲಿ ಕೇಳಿದ್ದನ್ನು ಅಂದು ಸಂಜೆಯೇ ಒಮ್ಮೆ ಮೆಲುಕು ಹಾಕುವುದು ಒಳ್ಳೆಯದು. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಓದುವುದು ಮೇಲೆಂಬುದನ್ನೂ ಅವರು ಕಂಡುಕೊಂಡಿದ್ದರು.

ಇನ್ನೊಂದು ಸಂಗತಿ. ನೆನಪಿನಲ್ಲಿ ಹಲವು ಬಗೆಗಳಿವೆ. 1953ರಲ್ಲಿ ಅಮೆರಿಕಾದ ಹೆನ್ರಿ ಮೊಲೇಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗದ ಚಿಕಿತ್ಸೆಗೆಂದು ಮಿದುಳಿನ ಒಳಭಾಗದ ಒಂದು ಅಂಶವನ್ನು ತೆಗೆದುಹಾಕಿದರು. ಆ ಮೇಲೆ ಆತನಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಉಪಚರಿಸಿದ ವೈದ್ಯರು ಕೋಣೆಯಿಂದ ಹೊರಹೋಗಿ ಮತ್ತೆ ಬಂದರೆ ಹೊಸಬರೆಂದೇ ಎಣಿಸುತ್ತಿದ್ದ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ಚಿತ್ರದ ಗೆರೆ ತಿದ್ದುವ ಅಭ್ಯಾಸ ಕೊಟ್ಟಾಗ ದಿನದಿನಕ್ಕೆ ಅವನ ಕೈ ಪಳಗಿತು. ಹಿಂದಿನ ದಿನ ಆ ಅಭ್ಯಾಸ ಮಾಡಿದ್ದೆನೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕೈಯ ನೆನಪು ಬೇರೆ, ಸಂಗತಿಯ ನೆನಪು ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಇವೆರಡರ ಜೊತೆಗೆ ಮೂರನೆಯ ಬಗೆಯೊಂದಿದೆ. ಅದು ಮುಂದೆ ಮಾಡಬೇಕಾದುದರ ನೆನಪು. "ಬೋರ್ಡೋ ಔಷಧಿ ಹೇಗೆ ಕಲಸುವುದು?" ಎಂದರೆ ಅದು ಸಂಗತಿಯ ನೆನಪು, ಅಲ್ಲಿ ಪ್ರಶ್ನೆಯೇ ಉತ್ತರವನ್ನು ಎಳೆದು ತರುತ್ತದೆ. "ಜುಲೈ ಮೊದಲ ವಾರದಲ್ಲಿ ಎರಡನೇ ಸಲ ಹೊಡೆಯಬೇಕು" ಎಂಬುದು ಮುಂದಿನ ಕೆಲಸದ ನೆನಪು. ಇಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಬೇರೆ ನೂರು ಕೆಲಸಗಳ ನಡುವೆ ಅದು ತಾನಾಗಿ ತಲೆಯೆತ್ತಬೇಕು. ಜಾಣರೂ ಎಡವುವ ಜಾಗ ಇದೇ. ನಾನು ಎಡವಿದ್ದೂ ಇಲ್ಲೇ. ಇಂಥ ನೆನಪನ್ನು ಬಿಟ್ಟ ಹಸುವಿನಂತೆ ಬಿಡಬಾರದು. ಕಣ್ಣಿಗೆ ಕಾಣುವ, ಕಾಲಿಗೆ ತಗಲುವ ಒಂದು ಗೂಟಕ್ಕೆ ಅದನ್ನು ಕಟ್ಟಬೇಕು.

4. ಹಿರಿಯರು ನೆಟ್ಟ ಗೂಟಗಳು

ಇದು ಹೊಸ ವಿಷಯವಲ್ಲ. ನಮ್ಮ ಹಿರಿಯರು ತಮ್ಮ ತಲೆಯನ್ನು ಅಷ್ಟಾಗಿ ನಂಬಿದವರಲ್ಲ.

ಮಳೆ ನಕ್ಷತ್ರಗಳನ್ನು ನೋಡಿ. ವರ್ಷವನ್ನು 27 ಪಾಲು ಮಾಡಿ, ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ಪಾಲಿಗೂ ಹೆಸರಿಟ್ಟರು. ಹೆಸರಿಗೆ ಗಾದೆಯನ್ನು ಕಟ್ಟಿದರು. "ಭರಣಿ ಮಳೆ ಬಂದರೆ ಧರಣಿ ಬೆಳೆ" ಎಂಬುದು ಅಕ್ಕೂರಿನಲ್ಲೂ ಕೊಪ್ಪದಲ್ಲೂ ಮಕ್ಕಳ ಬಾಯಲ್ಲಿದ್ದ ಮಾತು. ಪ್ರಾಸವಿರುವುದರಿಂದ ಒಂದು ಪದ ಬಂದರೆ ಇನ್ನೊಂದು ತಾನಾಗಿ ಬರುತ್ತದೆ. ಮಳೆ ಬರುತ್ತದೋ ಇಲ್ಲವೋ ಬೇರೆ ಮಾತು. ಆದರೆ ಈ ಹೆಸರುಗಳಿಂದ ವರ್ಷದುದ್ದಕ್ಕೂ 27 ಗೂಟಗಳು ನೆಟ್ಟಂತಾಯಿತು. ಕೆಲಸವನ್ನು ಅವುಗಳಿಗೆ ಕಟ್ಟುವುದೊಂದೇ ಉಳಿದದ್ದು.

ಲೆಕ್ಕಪತ್ರಕ್ಕೆ ಕಡತಗಳಿದ್ದವು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಆ ಸೀಮೆಯ ಚರಿತ್ರೆಗೆ ಆಧಾರವಾಗಿವೆ. ಬರೆದಿಟ್ಟವರ ನೆನಪು ಅವರ ಆಯುಷ್ಯಕ್ಕಿಂತ ಹೆಚ್ಚು ಬಾಳಿತು.

ಓದು ಬಾರದವರ ದಾರಿ ಇನ್ನೂ ಸೋಜಿಗದ್ದು. ಅಕ್ಕೂರಿನ ಸುತ್ತಲಿನದು ಮಂಟೇಸ್ವಾಮಿ ಪರಂಪರೆಯ ಸೀಮೆ. ಕಥೆಯಲ್ಲಿ ಸಿದ್ದಪ್ಪಾಜಿಯಾದ ಕೆಂಪಾಚಾರಿಯ ಊರೆಂದು ಹೇಳುವ ನಿಡಘಟ್ಟ ಚನ್ನಪಟ್ಟಣಕ್ಕೂ ಮದ್ದೂರಿಗೂ ನಡುವೆ ಹೆದ್ದಾರಿಯಲ್ಲಿದೆ. ಅವನು ಕಬ್ಬಿಣದ ಭಿಕ್ಷಕ್ಕೆ ಹೋದ ಹಲಗೂರು ಮಳವಳ್ಳಿ ತಾಲ್ಲೂಕಿನಲ್ಲಿದೆ. ಈ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಪುಸ್ತಕ ಮುಂದಿಟ್ಟುಕೊಳ್ಳುವ ಪದ್ಧತಿ ಅಲ್ಲಿಲ್ಲ. ಚಿಕ್ಕಂದಿನಲ್ಲಿ ಕಂಬಕ್ಕೊರಗಿ ಕೇಳುತ್ತಿದ್ದ ನನಗೆ ಅದು ದೇವರ ವರವೆಂದೇ ತೋರುತ್ತಿತ್ತು.

ಗಮನಿಸಿದರೆ ಅದರಲ್ಲಿ ಕ್ರಮವಿದೆ. ಇಡೀ ಕಥೆ "ಸಾಲು"ಗಳಾಗಿ ಒಡೆದಿದೆ. ಯಾವ ಸಾಲಿನ ಮುಂದೆ ಯಾವ ಸಾಲು ಎಂಬುದು ಹಾಡುಗಾರರಿಗೆ ಗೊತ್ತು. ಸಾಲಿನೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ನಡಿಗೆ. ಊರು ಬಂದರೆ ಅಲ್ಲಿನ ಘಟನೆ ಬರುತ್ತದೆ. ಹಿಮ್ಮೇಳದವರು ಸೊಲ್ಲನ್ನು ಎತ್ತಿ ಹಾಡುವಾಗ ಮುಂದಿನ ಮಾತು ಜೋಡಿಸಿಕೊಳ್ಳಲು ಮುಮ್ಮೇಳದವರಿಗೆ ಬಿಡುವು ಸಿಗುತ್ತದೆ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಎಂಬ ಅಮೆರಿಕಾದ ವಿದ್ವಾಂಸರು ಯುಗೊಸ್ಲಾವಿಯದ ಹಳ್ಳಿ ಹಾಡುಗಾರರಲ್ಲಿಯೂ ಇದನ್ನೇ ಕಂಡರು. ಅವರು ಸಾವಿರಾರು ಪಂಕ್ತಿಗಳನ್ನು ಅಕ್ಷರಶಃ ಬಾಯಿಪಾಠ ಮಾಡಿರಲಿಲ್ಲ. ಕಥೆಯ ಕ್ರಮವೂ ಪಳಗಿದ ನುಡಿಗಟ್ಟುಗಳೂ ಅವರ ವಶದಲ್ಲಿದ್ದವು. ಹಾಡನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಿದ್ದರು. ಅಪಾರ ನೆನಪಿನ ಹಿಂದೆ ಇರುವುದು ಒಳ್ಳೆಯ ಜೋಡಣೆ.

ಹಾಡುವವರ ಬಾಯಲ್ಲಿ ಮಾತ್ರ ಇದ್ದರೆ ಸಾಲದು, ಮುಂದಿನವರಿಗೂ ಉಳಿಯಬೇಕೆಂದು ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಮೈಸೂರು ರಸ್ತೆಯಲ್ಲಿ ಜಾನಪದ ಲೋಕವನ್ನು ಕಟ್ಟಿದರು. ಆ ದಾರಿಯಲ್ಲಿ ಹೋಗುವ ಸದಸ್ಯರು ಒಮ್ಮೆ ಇಳಿದು ನೋಡತಕ್ಕದ್ದು.

5. ನುರಿತವರೇ ಮರೆಯುತ್ತಾರೆ

"ನನಗೆ ಮೂವತ್ತು ವರ್ಷದ ಅನುಭವ, ನನಗೇಕೆ ಪಟ್ಟಿ?" ಎನ್ನುವವರಿದ್ದಾರೆ. ಅವರಿಗಾಗಿ ಒಂದು ನಿಜಸಂಗತಿ.

1935ರ ಅಕ್ಟೋಬರ್ 30ರಂದು ಅಮೆರಿಕಾದ ಡೇಟನ್ ನಗರದ ಬಳಿ ಬೋಯಿಂಗ್ ಕಂಪನಿಯ ಹೊಸ ಯುದ್ಧವಿಮಾನದ ಪರೀಕ್ಷೆ ನಡೆಯಿತು. ನಡೆಸುತ್ತಿದ್ದವರು ಸೈನ್ಯದ ನುರಿತ ಚಾಲಕರು. ವಿಮಾನ ನಿಂತಿರುವಾಗ ಗಾಳಿಗೆ ಅದರ ಬಾಲದ ಹಲಗೆಗಳು ಹೊಡೆದಾಡದಂತೆ ಒಂದು ಬೀಗ ಹಾಕಿರುತ್ತಾರೆ. ಹಾರುವ ಮುನ್ನ ಅದನ್ನು ಬಿಡಿಸಬೇಕು. ಅಂದು ಅದನ್ನು ಬಿಡಿಸಲು ಮರೆತರು. ವಿಮಾನ ಮೇಲೆದ್ದು ಕೆಳಕ್ಕೆ ಬಿತ್ತು, ಇಬ್ಬರು ತೀರಿಕೊಂಡರು. ಯಂತ್ರದಲ್ಲಿ ದೋಷವಿರಲಿಲ್ಲ, ಚಾಲಕರಿಗೆ ಅನುಭವದ ಕೊರತೆಯೂ ಇರಲಿಲ್ಲ. ಆ ಮೇಲೆ ಚಾಲಕರಿಗೆ ಇನ್ನೂ ಹೆಚ್ಚು ತರಬೇತಿ ಕೊಡುವ ಬದಲು, ಹಾರುವ ಮುನ್ನ ಓದಿ ಗುರುತು ಹಾಕುವ ಒಂದು ಸಣ್ಣ ಪಟ್ಟಿಯನ್ನು ಮಾಡಿದರು. ಇಂದು ವಿಮಾನ ಚಾಲಕರು ಪಟ್ಟಿ ಓದದೆ ಹಾರುವುದಿಲ್ಲ.

ಶಸ್ತ್ರಚಿಕಿತ್ಸೆಗೂ ಇದೇ ಕ್ರಮ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿಯನ್ನು ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವು ನೂರಕ್ಕೆ 1.5ರಿಂದ 0.8ಕ್ಕೆ, ತೊಡಕುಗಳು ನೂರಕ್ಕೆ 11ರಿಂದ 7ಕ್ಕೆ ಇಳಿದಿದ್ದವು.

ನುರಿತವರೇಕೆ ಮರೆಯುತ್ತಾರೆ? ಕೈ ಪಳಗಿದಾಗ ಮನಸ್ಸು ಬೇರೆಡೆ ಹೋಗುತ್ತದೆ. ನೂರು ಸಲ ಮಾಡಿದ ಕೆಲಸದಲ್ಲಿ ಇಂದು ಮಾಡಿದೆನೋ ನಿನ್ನೆ ಮಾಡಿದ್ದೋ ಎಂಬುದು ಬೆರೆತುಹೋಗುತ್ತದೆ. ಪಟ್ಟಿಯೆಂದರೆ ಅವಮಾನವಲ್ಲ. ಪಳಗಿದ ಕೈಗೇ ಅದು ಹೆಚ್ಚು ಬೇಕು.

6. ನಮ್ಮ ತೋಟಕ್ಕೆ ನಾಲ್ಕು ಗೂಟಗಳು

(ಅ) ಮಳೆಯ ಗೂಟ. ಕೊಳೆರೋಗಕ್ಕೆ ಬೋರ್ಡೋ ಔಷಧಿ ತಡೆಯೆಂದು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ನಮ್ಮ ಮಲೆನಾಡಿನಲ್ಲೇ ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಅಂದಿನಿಂದ ಕ್ರಮ ನಮಗೆ ಗೊತ್ತು: ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳಿಗೆ ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೇ ಸಲ. ಇದನ್ನು ನಕ್ಷತ್ರಕ್ಕೆ ಕಟ್ಟಿ ನೋಡಿ. ರೋಹಿಣಿ ಹುಟ್ಟುವುದು ಮೇ 25ರ ಸುಮಾರು. ಅಲ್ಲಿಂದ ಮೂರನೆಯದು ಪುನರ್ವಸು, ಜುಲೈ 6ರ ಸುಮಾರು. ಅಲ್ಲಿಂದ ಮೂರನೆಯದು ಮಘೆ, ಆಗಸ್ಟ್ 17ರ ಸುಮಾರು. ಮೂರು ನಕ್ಷತ್ರಗಳಿಗೆ ಸರಿಯಾಗಿ 42 ದಿನ. "ರೋಹಿಣಿ, ಪುನರ್ವಸು, ಮಘೆ" ಎಂಬ ಮೂರು ಹೆಸರು ನೆನಪಿದ್ದರೆ ದಿನ ಎಣಿಸಬೇಕಾಗಿಲ್ಲ. ಆ ನಕ್ಷತ್ರದೊಳಗೆ ಮಳೆ ಬಿಡುವು ಕೊಟ್ಟ ದಿನ ನೋಡಿ ಹೊಡೆಸಬೇಕು.

ಅರೇಬಿಕಾ ಗಿಡಗಳಲ್ಲಿ ಕಾಂಡಕೊರಕ ಹಿಡಿದವನ್ನು ಹುಡುಕಿ ಕಿತ್ತು ಸುಡುವ ಕೆಲಸ ದುಂಬಿ ಹೊರಬರುವ ಮೊದಲೇ ಆಗಬೇಕು. ಇದಕ್ಕೆ ಒಂದು ಗೂಟ ಯುಗಾದಿಯ ಮುಂಚಿನ ಎರಡು ವಾರ, ಇನ್ನೊಂದು ಸೆಪ್ಟೆಂಬರ್ 13ರ ಸುಮಾರಿಗೆ ಹುಟ್ಟುವ ಉತ್ತರೆ ಮಳೆ. ಹುಡುಕಿ ಮುಗಿದ ಮೇಲೆ, ದುಂಬಿ ಹಾರುವ ಹೊತ್ತಿಗೆ, 200 ಲೀಟರ್ ನೀರಿಗೆ 20 ಕಿಲೋ ಸುಣ್ಣದಂತೆ ಕಲಸಿ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಸುಣ್ಣದ ಲೇಪ ಕೊಡುವುದು ಅದೇ ಗೂಟಕ್ಕೆ ಕಟ್ಟಿದ ಕೆಲಸ.

(ಆ) ಗಳಿಗೆಯ ಗೂಟ. ಒಂದು ಕೆಲಸಕ್ಕೆ ಎರಡನೇ ಕಂತಿದ್ದರೆ, ಮೊದಲನೆಯದು ಮುಗಿದ ಗಳಿಗೆಯಲ್ಲೇ ಎರಡನೆಯದರ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ಕೈ ತೊಳೆಯುವ ಮೊದಲು ಎಂದರೂ ಸರಿಯೇ. ರೊಬಸ್ಟಾಕ್ಕೆ ಹೂವಿನ ನೀರು ಕೊಟ್ಟ ದಿನವೇ ಎರಡು ಮೂರು ವಾರದ ಮೇಲಿನ ಬ್ಯಾಕಿಂಗ್ ನೀರಿನ ದಿನ ಬರೆದಿರಬೇಕು. "ನಾಳೆ ಬರೆಯೋಣ" ಎಂಬ ಮಾತಿನಲ್ಲೇ ಮರೆವು ಹುಟ್ಟುತ್ತದೆ. ಮೊಬೈಲ್ ಫೋನಿನಲ್ಲಿ ಗಂಟೆ ಇಡುವುದೂ ಒಳ್ಳೆಯದೇ. ಆದರೆ ಅದು ನಾವು ಬಸ್ಸಿನಲ್ಲಿರುವಾಗ ಬಾರಿಸುತ್ತದೆ, ನಾವು ಅದುಮಿ ಸುಮ್ಮನಾಗುತ್ತೇವೆ. ಫೋನು ಒಬ್ಬನನ್ನು ಎಚ್ಚರಿಸುತ್ತದೆ. ಗೋಡೆ ಮನೆಮಂದಿಯನ್ನೆಲ್ಲ ಎಚ್ಚರಿಸುತ್ತದೆ.

(ಇ) ಮಾತಿನ ಗೂಟ. ಪೀಟರ್ ಗೋಲ್ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1999ರಲ್ಲಿ ಒಂದು ಸರಳ ಉಪಾಯವನ್ನು ವಿವರಿಸಿದರು. "ಮಾಡಬೇಕು" ಎಂಬ ಬರಿಯ ಸಂಕಲ್ಪಕ್ಕಿಂತ, "ಇಂಥದು ಆದಾಗ ನಾನು ಇಂಥದು ಮಾಡುತ್ತೇನೆ" ಎಂದು ಗೊತ್ತು ಮಾಡಿಕೊಂಡವರು ಕೆಲಸವನ್ನು ಹೆಚ್ಚು ನಡೆಸುತ್ತಾರೆ. "ರಕ್ತದೊತ್ತಡದ ಮಾತ್ರೆ ತಪ್ಪದೆ ತೆಗೆದುಕೊಳ್ಳಬೇಕು" ಎನ್ನುವುದಕ್ಕಿಂತ "ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಮಾತ್ರೆ" ಎನ್ನಿ. "ಸುಣ್ಣ ತರಬೇಕು" ಎನ್ನುವುದಕ್ಕಿಂತ "ಸಂಘಕ್ಕೆ ಅಡಿಕೆ ಒಯ್ದ ದಿನ ಬರುವಾಗ ಸುಣ್ಣ" ಎನ್ನಿ. ಒಮ್ಮೆ ಬಾಯಿಬಿಟ್ಟು ಮನೆಯವರ ಮುಂದೆ ಹೇಳಿದರೆ ಇನ್ನೂ ಗಟ್ಟಿ. ನಮ್ಮ ತಾಯಂದಿರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದುದೂ ಇದೇ. ಗಂಟು ಕೈಗೆ ತಗುಲಿದಾಗ ಕೆಲಸ ನೆನಪಾಗುತ್ತಿತ್ತು.

(ಈ) ಪಟ್ಟಿಯ ಗೂಟ. ಔಷಧಿ ಕಲಸುವ ಜಾಗದಲ್ಲಿ ಒಂದು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿ:

1. ಕಬ್ಬಿಣದ ಪಾತ್ರೆ ಬೇಡ.
2. ಒಂದು ಕಿಲೋ ಮೈಲುತುತ್ತ, 50 ಲೀಟರ್ ನೀರಿನಲ್ಲಿ.
3. ಒಂದು ಕಿಲೋ ಸುಟ್ಟ ಸುಣ್ಣ, ಬೇರೆ 50 ಲೀಟರ್ ನೀರಿನಲ್ಲಿ, ಸೋಸಿದ್ದಾಯಿತೇ?
4. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು.
5. ಹೊಳೆಯುವ ಕತ್ತಿ ಅದ್ದಿ ನೋಡಿದ್ದಾಯಿತೇ? ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ.
6. ಕಲಸಿದ ದಿನವೇ ಮುಗಿಸಬೇಕು.
7. ಮುಂದಿನ ಸಲದ ದಿನ ಬರೆದದ್ದಾಯಿತೇ?

ಪಟ್ಟಿ ಏಳೆಂಟು ಅಂಶಗಳನ್ನು ಮೀರಬಾರದು. ಉದ್ದವಾದರೆ ಯಾರೂ ಓದುವುದಿಲ್ಲ.

7. ಒಬ್ಬರ ತಲೆಯಲ್ಲೇ ಇರಬಾರದ ಸಂಗತಿಗಳು

ಸೊಪ್ಪಿನ ಹೊತ್ತನ್ನು ಎಂದೂ ತಪ್ಪಿಸದ ನನ್ನ ತಂದೆಯವರು ತೀರಿಕೊಂಡಾಗ ಒಂದು ಸಂಗತಿ ಹೊರಬಿತ್ತು. ಹುಳುವಿನ ವಿಷಯವನ್ನು ಹುಳು ನೆನಪಿಸುತ್ತಿತ್ತು. ಉಳಿದದ್ದೆಲ್ಲ ಅವರ ತಲೆಯಲ್ಲಿ ಮಾತ್ರ ಇತ್ತು. ಯಾರಿಗೆ ಎಷ್ಟು ಕೈಗಡ ಕೊಟ್ಟಿದ್ದರು, ಯಾರಿಂದ ತಂದಿದ್ದರು, ಪಾಲುಪಟ್ಟಿಯ ಮೂಲಪ್ರತಿ ಎಲ್ಲಿದೆ ಎಂಬುದು ಯಾರಿಗೂ ತಿಳಿಯದು. ಒಂದು ಸಂಘದಲ್ಲಿ ಅವರ ಷೇರು ಇತ್ತು, ನಾಮನಿರ್ದೇಶನ ಮಾಡಿರಲಿಲ್ಲ. ಆ ಸಣ್ಣ ಮೊತ್ತಕ್ಕಾಗಿ ನನ್ನ ತಾಯಿಯವರು ದಾಖಲೆ ಹಿಡಿದು ಹಲವು ಸಲ ಓಡಾಡಿದರು. ಸಾಲ ತಂದದ್ದು ನಿಜವೆಂದು ಬಂದವರಿಗೆಲ್ಲ ಕೊಟ್ಟೆವು. ಕೊಟ್ಟದ್ದನ್ನು ಹಿಂದಕ್ಕೆ ತಂದುಕೊಟ್ಟವರು ಇಬ್ಬರೇ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಬರೆದಿರಲಿಲ್ಲ, ಅಷ್ಟೇ.

ಪ್ರತಿಯೊಬ್ಬ ಸದಸ್ಯರೂ ಒಂದು ನೋಟುಪುಸ್ತಕದಲ್ಲಿ ಇಷ್ಟನ್ನು ಬರೆದು ಮನೆಯಲ್ಲಿ ಇಬ್ಬರಿಗೆ ತೋರಿಸಿಡಬೇಕು: ಜಮೀನಿನ ಸರ್ವೆ ನಂಬರುಗಳು ಮತ್ತು ಪತ್ರಗಳಿರುವ ಜಾಗ; ಸಂಘದ ಸದಸ್ಯತ್ವ ಸಂಖ್ಯೆ, ಷೇರು, ಠೇವಣಿ, ಸಾಲ ಮತ್ತು ಕಂತಿನ ದಿನ; ಬ್ಯಾಂಕು ಮತ್ತು ವಿಮೆಯ ವಿವರ; ಕೈಗಡ ಕೊಟ್ಟದ್ದು, ತಂದದ್ದು; ಗಡಿಕಲ್ಲು ಮತ್ತು ನೀರಿನ ಕೊಳವೆ ಹಾದುಹೋದ ದಾರಿ; ದಿನವೂ ನುಂಗುವ ಮಾತ್ರೆಗಳ ಹೆಸರು. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಂತೆ ಸದಸ್ಯರು ತಮ್ಮ ಷೇರಿಗೆ ನಾಮನಿರ್ದೇಶನ ಮಾಡಬಹುದು. ಇದುವರೆಗೆ ಮಾಡದವರು, ಅಥವಾ ಹಿಂದೆ ಹೆಸರಿಸಿದವರು ತೀರಿಕೊಂಡಿದ್ದರೂ ಬದಲಾಯಿಸದವರು, ಮುಂದಿನ ಸಲ ಸಂಘಕ್ಕೆ ಬಂದಾಗ ಮೊದಲು ಆ ಕೆಲಸ ಮುಗಿಸತಕ್ಕದ್ದು.

ನೆನಪನ್ನು ಹಂಚಿಕೊಂಡು ಕಾಯುವುದು ಸಹಕಾರದ ತಿರುಳೇ ಆಗಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಸಹಕಾರ ಸಂಘವನ್ನು ಕಟ್ಟಿದರು. ಸಾಲವೆಂದರೆ ಸಾಹುಕಾರರೊಬ್ಬರ ಪುಸ್ತಕದಲ್ಲಿ ಅಡಗಿದ ಗುಟ್ಟು ಎಂಬ ಕಾಲ ಅದು. ಎಲ್ಲರೂ ನೋಡಬಹುದಾದ ಲೆಕ್ಕ, ಎಲ್ಲರೆದುರು ಓದಿ ಒಪ್ಪುವ ನಡಾವಳಿ, ಇವು ಸಂಘದೊಂದಿಗೆ ಬಂದವು. ಮಹಾಸಭೆಯಲ್ಲಿ ಹಿಂದಿನ ನಡಾವಳಿ ಓದುವಾಗ ಕೆಲವರು ಹೊರಗೆ ಎದ್ದು ಹೋಗುತ್ತಾರೆ. ಹಾಗೆ ಹೋಗಬಾರದು. ಅದು ನಮ್ಮೆಲ್ಲರ ನೆನಪು.

8. ವಯಸ್ಸಾದವರ ಮರೆವು

ಕಡೆಯದಾಗಿ ಒಂದು ಎಚ್ಚರಿಕೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಪರಿಚಿತರ ಹೆಸರು ತುಸು ತಡವಾಗಿ ಬರುವುದು ವಯಸ್ಸಿನ ಸಹಜ ಮರೆವು. ಆದರೆ ಸ್ವಂತ ತೋಟದಲ್ಲಿ ದಾರಿ ತಪ್ಪುವುದು, ಉತ್ತರ ಕೇಳಿದ ಮೇಲೂ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಸದಾ ಮಾಡುತ್ತಿದ್ದ ಕೂಲಿಲೆಕ್ಕ ಈಗ ಬಗೆಹರಿಯದಿರುವುದು ಕಂಡರೆ "ಅರುಳು ಮರುಳು" ಎಂದು ನಕ್ಕು ಬಿಡಬಾರದು. ವಿಟಮಿನ್ ಬಿ-12ರ ಕೊರತೆ, ಥೈರಾಯಿಡ್ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಿಗಳ ಪರಿಣಾಮ, ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಕಿವಿ ಮಂದವಾದರೆ ಮಾತು ತಲೆಗೆ ಹೋಗುವುದೇ ಇಲ್ಲ, ಅದನ್ನೂ ನಾವು ಮರೆವೆನ್ನುತ್ತೇವೆ. ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಿದೆ. ವಾಸಿಯಾಗದ ಬಗೆಯ ಮರೆವಾದರೂ ಬೇಗ ತಿಳಿದರೆ, ಹಿರಿಯರು ತಮ್ಮ ಇಚ್ಛೆಯನ್ನು ತಾವೇ ಹೇಳಿ ಬರೆಸಲು ಹೊತ್ತಿರುತ್ತದೆ.

ಈಗ ನಮ್ಮ ತೋಟದ ಮನೆಯ ಗೋಡೆಯಲ್ಲಿ ಮೂರು ಮಳೆಯ ಹೆಸರನ್ನು ಬರೆದ ಹಲಗೆಯಿದೆ. ಔಷಧಿ ಹೊಡೆದ ದಿನ ಅದರ ಮುಂದೆ ತಾರೀಖು ಬೀಳುತ್ತದೆ. ಪುನರ್ವಸು ಹುಟ್ಟಿಯೂ ತಾರೀಖು ಬೀಳದಿದ್ದರೆ ಮನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಹೋದ ವರ್ಷ ಕೇಳಿದವಳು ನನ್ನ ಮೊಮ್ಮಗಳು: "ಅಜ್ಜ, ಎರಡನೇದು ಖಾಲಿ ಇದೆಯಲ್ಲ?" ಅಂದು ಸಂಜೆಯೇ ಕೊನೆಗಾರರಿಗೆ ಹೇಳಿ ಕಳುಹಿಸಿದೆ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಎರಡು ವರ್ಷಗಳಲ್ಲಿ ತಿಳಿದಿದ್ದೂ ಮರೆತದ್ದರಿಂದ ತಮಗಾದ ನಷ್ಟ ಯಾವುದು? ಆ ಕೆಲಸವನ್ನು ಯಾವ ಗೂಟಕ್ಕೆ ಕಟ್ಟಬಹುದಾಗಿತ್ತು?
2. ತಮ್ಮ ತೋಟದ ಕೆಲಸಗಳಲ್ಲಿ ಎರಡನೇ ಕಂತು ಇರುವಂಥವು ಯಾವುವು?
3. ತಾವು ಒಂದು ತಿಂಗಳು ಊರಿನಲ್ಲಿ ಇಲ್ಲದಿದ್ದರೆ ಮನೆಯವರಿಗೆ ತಿಳಿಯದೆ ಉಳಿಯುವ ಸಂಗತಿಗಳು ಯಾವುವು?

ಮನೆಗೆಲಸ: ಈ ಪಾಠವನ್ನು ಮಡಚಿಟ್ಟು, ಇಂದು ರಾತ್ರಿ ಊಟವಾದ ಮೇಲೆ ನಾಲ್ಕು ಗೂಟಗಳನ್ನು ನೋಡದೆ ಮನೆಯವರಿಗೆ ಹೇಳಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ಹೇಳಿಕೊಂಡವರಲ್ಲಿ ಒಂದು ವಾರದ ಮೇಲೂ ಹೆಚ್ಚು ನೆನಪು ಉಳಿಯುತ್ತದೆಂದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ವಿದ್ವಾಂಸರು ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ಬಿಟ್ಟುಹೋದದ್ದನ್ನು ಆಮೇಲೆ ತೆರೆದು ನೋಡಿಕೊಳ್ಳಿ.